ಆರು ಡಿಗ್ರಿ ತಲೆ ಕೆಳಗೆ: ಮಂಚದ ಮೇಲಿನ ಬಾಹ್ಯಾಕಾಶದಲ್ಲಿ ಮೆದುಳಿನ ರಕ್ತ ಅಳೆದ ಅನುಭವ

ಮಂಚದ ಕಾಲಕಡೆಗೆ 20 ಸೆಂಟಿಮೀಟರ್ ಎತ್ತರದ ಎರಡು ಮರದ ತುಂಡು. ತೂಕವಿಲ್ಲದ ಸ್ಥಿತಿಯ ಅಣಕು ರೂಪವನ್ನು ಮೈಸೂರಿನ ಒಂದು ಕೋಣೆಯಲ್ಲಿ ತರುವುದಕ್ಕೆ ಬೇಕಾದ ಮುಖ್ಯ ಸಲಕರಣೆ ಅಷ್ಟೇ. ಆ ಮಂಚದ ಮೇಲೆ ಜನರನ್ನು ತಲೆ ಆರು ಡಿಗ್ರಿ ಕೆಳಗಾಗುವಂತೆ ಮಲಗಿಸಿ, ಬಾಹ್ಯಾಕಾಶದಲ್ಲಿ ಆಗುವಂತೆ ರಕ್ತ ತಲೆಯ ಕಡೆ ಸರಿದಾಗ ಮೆದುಳಿನ ರಕ್ತದ ಹರಿವು ಏನಾಗುತ್ತದೆ ಅಂತ ಅಳೆಯುತ್ತೇವೆ. ಉಳಿದವೆಲ್ಲ, ಅಂದರೆ ಡಾಪ್ಲರ್ (ರಕ್ತದ ವೇಗ ಅಳೆಯುವ ಅಲ್ಟ್ರಾಸೌಂಡ್ ಯಂತ್ರ), ಬೆರಳಿಗೆ ಹಾಕುವ ಬಿಪಿ ಯಂತ್ರ, ಉಸಿರಿನ ಕಾರ್ಬನ್ ಡೈ ಆಕ್ಸೈಡ್ ಮೀಟರ್, ಆ ಮರದ ತುಂಡು ಮೈಯೊಳಗೆ ಏನು ಮಾಡಿತು ಅಂತ ನೋಡುವುದಕ್ಕೆ. ಈ ಕೆಲಸಕ್ಕೆ ಕೈ ಹಾಕಿದ ಯಾರಿಗಾದರೂ ಬೇಗ ತಿಳಿಯುವ ಸಂಗತಿ ಒಂದಿದೆ. ಮರದ ತುಂಡು ಮಾಡುವ ವ್ಯತ್ಯಾಸ ಚಿಕ್ಕದು. ಕಾಫಿ, ಕಟ್ಟಿದ ಮೂಗು, ಸರಿದ ಪ್ರೋಬು (ತಲೆಗೆ ತಾಗಿಸಿ ಹಿಡಿಯುವ ಡಾಪ್ಲರಿನ ತುದಿ), ತಪ್ಪು ಎತ್ತರದಲ್ಲಿಟ್ಟ ಕೈ, ಇವು ಮಾಡುವ ವ್ಯತ್ಯಾಸ ಅದಕ್ಕಿಂತ ದೊಡ್ಡದು. ಆದ್ದರಿಂದ ಇಲ್ಲಿ ಫಲಿತಾಂಶಕ್ಕಿಂತ ಹೆಚ್ಚಾಗಿ ಮಾಡುವ ಬಗೆಯನ್ನೇ ಬರೆಯುತ್ತಿದ್ದೇವೆ.

ಆರು ಡಿಗ್ರಿಯೇ ಏಕೆ? 1970ರ ದಶಕದಲ್ಲಿ ಸೋವಿಯತ್ ಗಗನಯಾತ್ರಿಗಳು ನೆಲಕ್ಕೆ ಮರಳಿದ ಮೇಲೆ, ಮಟ್ಟಸವಾದ ಹಾಸಿಗೆಯಲ್ಲಿ ಮಲಗಿದರೂ ಕಾಲಕಡೆಗೆ ಜಾರಿ ಬೀಳುತ್ತಿದ್ದೇವೆ ಅನ್ನಿಸುತ್ತದೆ ಎಂದು ಹೇಳುತ್ತಿದ್ದರು. ಹಾಸಿಗೆಯ ಕಾಲಕಡೆಯನ್ನು ಸ್ವಲ್ಪ ಎತ್ತಿದಾಗ ಸಮಾಧಾನವಾಗಿ ನಿದ್ದೆ ಬರುತ್ತಿತ್ತು. ಅಲ್ಲಿಂದ ಹೊರಟ ಸಂಶೋಧಕರು ಬೇರೆ ಬೇರೆ ಕೋನಗಳನ್ನು ಪರೀಕ್ಷಿಸಿ, ಬಾಹ್ಯಾಕಾಶದಲ್ಲಿ ಕಾಣುವ ಮುಖದ ಊತ, ಕಾಲು ಸಣಕಲಾಗುವುದು, ಮೂಗು ಕಟ್ಟುವುದು ಇವನ್ನೆಲ್ಲ ತಕ್ಕಮಟ್ಟಿಗೆ ತರುವ, ಆದರೆ ಮಲಗಿದವರು ದಿನಗಟ್ಟಲೆ ತಡೆದುಕೊಳ್ಳಬಲ್ಲ ಕೋನವಾಗಿ ಆರು ಡಿಗ್ರಿಯನ್ನು ಆರಿಸಿಕೊಂಡರು. ಜರ್ಮನಿಯ ಕೊಲೋನ್‌ನಲ್ಲಿ, ಫ್ರಾನ್ಸಿನ ಟುಲೂಸ್‌ನಲ್ಲಿ ಇದೇ ಕೋನದಲ್ಲಿ 60 ದಿನ ಮಲಗಿಸುವ ಅಧ್ಯಯನಗಳು ನಡೆದಿವೆ. ನಮ್ಮದು ನಾಲ್ಕು ಗಂಟೆಯ ಮಾದರಿ. ರಕ್ತ ತಲೆಯ ಕಡೆ ಸರಿಯುವ ಮೊದಲ ಹಂತವನ್ನು ನೋಡುವುದಕ್ಕೆ ಅಷ್ಟು ಸಾಕು. ಸ್ನಾಯು, ಮೂಳೆ ಸವೆಯುವುದನ್ನು ನೋಡಬೇಕಾದರೆ ಮಾತ್ರ ವಾರಗಳು ಬೇಕು.

ಮೊದಲು ಮಂಚ. ಆರು ಡಿಗ್ರಿಯ ಸೈನ್ 0.1045. ಮಂಚದ ತಲೆಕಡೆ ಕಾಲಿನಿಂದ ಕಾಲಕಡೆ ಕಾಲಿಗೆ 190 ಸೆಂ.ಮೀ. ಇದ್ದರೆ ಎತ್ತಬೇಕಾದದ್ದು 19.9, ಅಂದರೆ 20 ಸೆಂ.ಮೀ. ಮರದ ತುಂಡಿನ ಮೇಲ್ಭಾಗದಲ್ಲಿ ಮಂಚದ ಕಾಲು ಕೂರುವಷ್ಟು ಗುಳಿ ಕೊರೆಸಬೇಕು, ಇಲ್ಲದಿದ್ದರೆ ಒಂದು ಕೆಮ್ಮಿಗೆ ಮಂಚ ಜರುಗುತ್ತದೆ. ಗುಳಿ ಎಷ್ಟು ಆಳವೋ ಅಷ್ಟನ್ನು ತುಂಡಿನ ಎತ್ತರಕ್ಕೆ ಸೇರಿಸಿ ಹೇಳಬೇಕು. ಬಡಗಿಯವರು ಒಟ್ಟು ಎತ್ತರ 20 ಇಟ್ಟು ಗುಳಿ ಎರಡು ಸೆಂ.ಮೀ. ತೆಗೆದರೆ ಕೋನ 5.4 ಡಿಗ್ರಿಗೆ ಇಳಿಯಿತು ಅಂತಲೇ ಅರ್ಥ. ಮೊಬೈಲಿನ ಕೋನಮಾಪಕವನ್ನು ನಾವು ನಂಬುವುದಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಒಂದು ತುದಿ ತಲೆಕಡೆ, ಇನ್ನೊಂದು ಕಾಲಕಡೆ ಹಿಡಿದು ಎತ್ತರದ ವ್ಯತ್ಯಾಸ ಅಳೆದರೆ ಮುಗಿಯಿತು. ಇದೇ ಪೈಪು ಮುಂದೆ ಬಿಪಿಗೂ ಬೇಕಾಗುತ್ತದೆ.

ಮಂಚ ಆರು ಡಿಗ್ರಿ ಇದ್ದರೆ ಮೈ ಆರು ಡಿಗ್ರಿ ಇರುತ್ತದೆ ಅಂದುಕೊಳ್ಳಬಾರದು. ಮೆತ್ತನೆಯ ಫೋಮ್ ಹಾಸಿಗೆಯಲ್ಲಿ ಸೊಂಟ ಕುಸಿಯುತ್ತದೆ. ತಲೆಯಿಂದ ಸೊಂಟಕ್ಕೆ 80 ಸೆಂ.ಮೀ. ದೂರ, ಸೊಂಟ 2.5 ಸೆಂ.ಮೀ. ಕುಸಿಯಿತು ಅಂತ ಇಟ್ಟುಕೊಳ್ಳಿ, ಮುಂಡದ ಇಳಿಜಾರು 4.2 ಡಿಗ್ರಿಗೆ ಬಂತು. ತೆಂಗಿನ ನಾರಿನ ಗಟ್ಟಿ ಹಾಸಿಗೆ ಹಾಕಿ. ಅದರ ಮೇಲೆ ಆಸ್ಪತ್ರೆಯ ರೆಕ್ಸಿನ್ ಹೊದಿಕೆ ಬೇಡ. 70 ಕೆ.ಜಿ. ತೂಕದವರನ್ನು ಈ ಇಳಿಜಾರು ತಲೆಯ ಕಡೆಗೆ ಎಳೆಯುವ ಬಲ ಸುಮಾರು 7 ಕೆ.ಜಿ.ಯಷ್ಟು. ರೆಕ್ಸಿನ್ ಮೇಲೆ ಬೆವರಿದರೆ ಸಾಕು, ಅರ್ಧ ಗಂಟೆಯಲ್ಲಿ ನೆತ್ತಿ ಮಂಚದ ಹಲಗೆಗೆ ಮುಟ್ಟಿರುತ್ತದೆ, ಕುತ್ತಿಗೆ ಮಡಿಚಿರುತ್ತದೆ, ಮಡಿಚಿದ ಕುತ್ತಿಗೆಯಲ್ಲಿ ಅಭಿಧಮನಿ ಅದುಮಿಕೊಂಡಿರುತ್ತದೆ. ಒರಟು ಹತ್ತಿಯ ಜಮಖಾನೆ ಹಾಸಿದರೆ ಆ ತೊಂದರೆಯೇ ಇಲ್ಲ. ದಿಂಬು ಕೂಡದು. ಏಳು ಸೆಂ.ಮೀ. ದಿಂಬು ಕೊಟ್ಟರೆ ತಲೆ ಹೃದಯದ ಮಟ್ಟಕ್ಕಿಂತ ಮೇಲೆಯೇ ಬಂತು, ಇಡೀ ಪ್ರಯೋಗ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮಲಗುವವರ ಆಯ್ಕೆಗೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲು ಬೇಕು, ಬರೆದುಕೊಟ್ಟ ಸಮ್ಮತಿಪತ್ರ ಬೇಕು. ಗ್ಲಾಕೋಮಾ ಇರುವವರು ಬೇಡ, ಏಕೆಂದರೆ ತಲೆ ಕೆಳಗಾದರೆ ಕಣ್ಣಿನ ಒತ್ತಡ ಏರುತ್ತದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಬಿಪಿ ಮಾತ್ರೆ, ಮೈಗ್ರೇನ್, ಎದೆಯುರಿಯ ಹಳೆಯ ಕಾಯಿಲೆ, ಗರ್ಭಿಣಿಯರು, ಇವೂ ಬೇಡ. ಮಹಿಳೆಯರಾದರೆ ಋತುಚಕ್ರದ ದಿನ ಬರೆದುಕೊಳ್ಳುತ್ತೇವೆ, ಎರಡನೇ ಭೇಟಿಯನ್ನೂ (ಮಂಚ ಮಟ್ಟಸವಾಗಿಟ್ಟು ಮಲಗಿಸುವ ಹೋಲಿಕೆಯ ದಿನ) ಅದೇ ಹಂತಕ್ಕೆ ಹೊಂದಿಸುತ್ತೇವೆ.

ಇನ್ನು ಕಾಫಿ. ಮೈಸೂರಿನಲ್ಲಿ ಈ ಪ್ರಯೋಗ ಮಾಡುವುದರ ದೊಡ್ಡ ಕಷ್ಟ ಅಂದರೆ ಇದೇ ಇರಬೇಕು. ಒಂದು ಗಟ್ಟಿ ಫಿಲ್ಟರ್ ಕಾಫಿಯ ಕೆಫೀನ್ ಮೆದುಳಿನ ರಕ್ತದ ಹರಿವನ್ನು ಶೇಕಡ 20ರ ಆಸುಪಾಸು ಇಳಿಸಬಲ್ಲದು. ನಾವು ಹುಡುಕುತ್ತಿರುವ ವ್ಯತ್ಯಾಸಕ್ಕಿಂತ ಅದು ಎಷ್ಟೋ ಪಾಲು ಹೆಚ್ಚು. ಹಾಗಂತ 12 ಗಂಟೆ ಕಾಫಿ ಬಿಡಿ ಅಂದರೆ ಕೆಲಸ ಮುಗಿಯಲಿಲ್ಲ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ಬಿಟ್ಟಾಗ ಉಲ್ಟಾ ಆಗುತ್ತದೆ: ಹರಿವಿನ ವೇಗ ಏರುತ್ತದೆ, ತಲೆನೋವು ಬರುತ್ತದೆ. ತಲೆ ಕೆಳಗೆ ಮಾಡಿದ್ದರಿಂದ ಬರುವ ತಲೆನೋವೂ ಅದೇ ಹೊತ್ತಿಗೆ, ಅದೇ ಹಣೆಯಲ್ಲಿ. ಯಾವುದು ಯಾವುದರದು ಅಂತ ಬಿಡಿಸುವುದು ಸಾಧ್ಯವಿಲ್ಲ. ಹಾಗಾಗಿ ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ಕುಡಿಯುವವರನ್ನು ನಾವು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡವರಿಗೆ ಎರಡೂ ದಿನ ಒಂದೇ ನಿಯಮ: ಹಿಂದಿನ ರಾತ್ರಿ 8ರ ನಂತರ ಕಾಫಿ, ಟೀ, ಕೋಲಾ ಇಲ್ಲ.

ಬೆಳಿಗ್ಗೆ ಎರಡು ಇಡ್ಲಿ, ಒಂದು ಲೋಟ ನೀರು, ಪರೀಕ್ಷೆಗೆ ಮೂರು ಗಂಟೆ ಮೊದಲು. ಹೊಟ್ಟೆ ತುಂಬ ಮುದ್ದೆ ಉಂಡು ಬಂದರೆ ರಕ್ತ ಹೊಟ್ಟೆಯ ಕಡೆ ಹೋಗಿರುತ್ತದೆ, ಮೇಲಾಗಿ ತಲೆ ಕೆಳಗಾದ ಕೂಡಲೇ ಗಂಟಲಿಗೆ ಬರುತ್ತದೆ. ಮಂಡ್ಯದಿಂದ 45 ಕಿ.ಮೀ. ಬೈಕಿನಲ್ಲಿ ಬಿಸಿಲಿನಲ್ಲಿ ಬಂದವರನ್ನು ಹಾಗೆಯೇ ಮಲಗಿಸಬಾರದು. ನೀರಿಳಿದ ಮೈಯಲ್ಲಿ ಸರಿಯಲು ರಕ್ತವೇ ಕಡಿಮೆ ಇರುತ್ತದೆ. ಫೋನಿನಲ್ಲಿ ಹೇಳಲೇಬೇಕಾದ ಇನ್ನೊಂದು ಮಾತು: "ತಲೆಗೆ ಎಣ್ಣೆ ಹಚ್ಕೊಂಡು ಬರಬೇಡಿ ಅಣ್ಣ." ಕೊಬ್ಬರಿ ಎಣ್ಣೆಯ ಮೇಲೆ ಹೆಡ್‌ಬ್ಯಾಂಡ್ ನಿಲ್ಲುವುದಿಲ್ಲ.

ಹೆಡ್‌ಬ್ಯಾಂಡಿನ ಕೆಲಸ ಡಾಪ್ಲರ್ ಪ್ರೋಬನ್ನು ಕಣತಲೆಯ (ಕಣ್ಣಿಗೂ ಕಿವಿಗೂ ನಡುವಿನ ಜಾಗ) ಮೇಲೆ ಅಲ್ಲಾಡದಂತೆ ಹಿಡಿಯುವುದು. ತಲೆಬುರುಡೆಯ ಮೂಲಕ ಮೆದುಳಿನ ರಕ್ತನಾಳದ ಸದ್ದು ಕೇಳಬಹುದು ಅಂತ 1982ರಲ್ಲಿ ತೋರಿಸಿಕೊಟ್ಟವರು ರೂನೆ ಆಸ್ಲಿಡ್ ಮತ್ತು ಅವರ ಜೊತೆಯವರು. ಸಾಮಾನ್ಯ ಸ್ಕ್ಯಾನಿಂಗಿನ ಅಲೆ ಮೂಳೆಯಲ್ಲಿ ಸೋತುಹೋಗುತ್ತದೆ, 2 ಮೆಗಾಹರ್ಟ್ಸ್ ಅಲೆ ಕಿವಿಯ ಮುಂದೆ, ಕೆನ್ನೆಮೂಳೆಯ ಮೇಲೆ, ಮೂಳೆ ತೆಳ್ಳಗಿರುವ ಕಡೆ ನುಗ್ಗುತ್ತದೆ. ರಕ್ತ ಸೆಕೆಂಡಿಗೆ 60 ಸೆಂ.ಮೀ. ವೇಗದಲ್ಲಿ ಪ್ರೋಬಿನ ಕಡೆಗೇ ಬರುತ್ತಿದ್ದರೆ ಅಲೆಯ ಆವರ್ತನದಲ್ಲಿ ಸುಮಾರು 1,560 ಹರ್ಟ್ಸ್ ವ್ಯತ್ಯಾಸ ಬರುತ್ತದೆ. ಅದು ನಮ್ಮ ಕಿವಿಗೆ ಕೇಳುವ ಸದ್ದೇ ಆದ್ದರಿಂದ, ಪರದೆಗಿಂತ ಮೊದಲು ಸ್ಪೀಕರನ್ನು ಕೇಳಿ ನಾಳ ಹುಡುಕುವುದು ಸುಲಭ.

ಹುಡುಕುವ ಕ್ರಮ ಹೀಗೆ. ಜೆಲ್ ಧಾರಾಳವಾಗಿ ಹಾಕಿ, ಆಳವನ್ನು 50 ಮಿ.ಮೀ.ಗೆ ಇಟ್ಟು, ಪ್ರೋಬನ್ನು ಒಂದೊಂದೇ ಮಿ.ಮೀ. ಸರಿಸುತ್ತ, ಸಿಕ್ಕಿದ ಮೇಲೆ ಕೋನ ಮಾತ್ರ ಬದಲಿಸುತ್ತ ಹೋಗಬೇಕು. ಪ್ರೋಬಿನ ಕಡೆಗೆ ಬರುವ ಹರಿವು ಸಿಕ್ಕಿತು ಅಂದರೆ ಅದು ನಮಗೆ ಬೇಕಾದ, ಮೆದುಳಿಗೆ ರಕ್ತ ಒಯ್ಯುವ ಮಿಡಲ್ ಸೆರೆಬ್ರಲ್ ಆರ್ಟರಿಯೇ ಇರಬಹುದು, ಆದರೆ ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಆಳವನ್ನು 60-65 ಮಿ.ಮೀ.ವರೆಗೆ ಇಳಿಸಿದಾಗ ಕವಲು ಬರುತ್ತದೆ. ಅಲ್ಲಿ ಒಂದೇ ಹೊತ್ತಿಗೆ ಗೆರೆಯ ಮೇಲೂ ಕೆಳಗೂ ಚಿತ್ರ ಮೂಡುತ್ತದೆ, ಒಂದು ನಾಳ ನಮ್ಮ ಕಡೆ, ಇನ್ನೊಂದು ಆಚೆ. ಆ ಕವಲನ್ನು ಕಂಡು, ಅಲ್ಲಿಂದ 50ರಿಂದ 55ರ ಆಳಕ್ಕೆ ಹಿಂದೆ ಬಂದು ನಿಂತರೆ ಸರಿಯಾದ ನಾಳ. ಹತ್ತರಲ್ಲಿ ಒಬ್ಬರಿಗಾದರೂ, ಕೆಲವು ಗುಂಪುಗಳಲ್ಲಿ ಇನ್ನೂ ಹೆಚ್ಚು ಜನಕ್ಕೆ, ಅಲೆ ನುಗ್ಗುವಷ್ಟು ತೆಳ್ಳಗಿನ ಮೂಳೆಯ ಈ ಕಿಟಕಿಯೇ ಸಿಗುವುದಿಲ್ಲ, ವಯಸ್ಸಾದ ಹೆಂಗಸರಲ್ಲಂತೂ ಮೂಳೆ ಬಿಟ್ಟುಕೊಡುವುದು ಅಪರೂಪ. ಹಾಗಾಗಿ ಆಯ್ಕೆಯ ದಿನವೇ ಕಿಟಕಿ ನೋಡಿಕೊಳ್ಳಬೇಕು. ಪ್ರಯೋಗದ ದಿನ ಮುಕ್ಕಾಲು ಗಂಟೆ ಹುಡುಕಿ, ಸಿಗದೆ, ಶಕ್ತಿ ಏರಿಸುತ್ತ ಹೋಗುವುದು ತಪ್ಪು. ಯಂತ್ರದ ಪರದೆಯಲ್ಲಿ ತೋರುವ ಬಿಸಿಯ ಸೂಚ್ಯಂಕವನ್ನು ನೋಡಿಕೊಂಡು, ಸದ್ದು ಸಿಗುವ ಕನಿಷ್ಠ ಶಕ್ತಿಯಲ್ಲಿ ಕೆಲಸ ಮಾಡಬೇಕು.

ಸಿಕ್ಕಿದ ಮೇಲೆ ಆಳ, ಗೇನ್ (ಮರಳಿ ಬಂದ ಸದ್ದನ್ನು ಹಿಗ್ಗಿಸುವ ಮಟ್ಟ), ಶಕ್ತಿ ಮೂರನ್ನೂ ಬರೆದುಕೊಂಡು, ಪ್ರೋಬಿನ ಸುತ್ತ ಚರ್ಮದ ಮೇಲೆ ಮಾರ್ಕರಿನಲ್ಲಿ ಗೆರೆ ಹಾಕುತ್ತೇವೆ. ಇಲ್ಲೊಂದು ಬಲೆ ಇದೆ. ತಲೆ ಕೆಳಗಾದ ಮೇಲೆ ಹಣೆ, ಕಣತಲೆ ನಿಧಾನವಾಗಿ ಊದಿಕೊಳ್ಳುತ್ತವೆ. ಬಿಗಿಯಾಗಿ ಕಟ್ಟಿದ ಬ್ಯಾಂಡು ಮೊದಲ ಗಂಟೆಯಲ್ಲೇ ಕಚ್ಚಲು ಶುರು. ಮಲಗಿದವರು ನೋವು ತಾಳದೆ ಬೆರಳು ತೂರಿಸಿ ಸ್ವಲ್ಪ ಸಡಿಲ ಮಾಡಿಕೊಂಡರು ಅನ್ನಿ, ಪ್ರೋಬು ವಾಲುತ್ತದೆ. ನಾಳಕ್ಕೂ ಅಲೆಗೂ ನಡುವಿನ ಕೋನ 10 ಡಿಗ್ರಿಯಿಂದ 30ಕ್ಕೆ ಹೋದರೆ ಓದುವ ವೇಗ ಶೇಕಡ 12 ಇಳಿಯುತ್ತದೆ. ರಕ್ತ ಒಂದು ಹನಿಯೂ ಕಡಿಮೆಯಾಗಿರುವುದಿಲ್ಲ. ಇದನ್ನು ಹಿಡಿಯುವ ದಾರಿ ಸರಳ: ವೇಗ ಮೆಟ್ಟಿಲಿಳಿದಂತೆ ಒಂದೇ ಏಟಿಗೆ ಬಿದ್ದರೆ ಪ್ರೋಬು ಸರಿದಿದೆ, ಇಳಿಜಾರಿನಂತೆ ನಿಧಾನವಾಗಿ ಇಳಿದರೆ ಮೈಯೊಳಗೆ ಏನೋ ಆಗುತ್ತಿದೆ, ಅಥವಾ ಜೆಲ್ ಒಣಗುತ್ತಿದೆ. ಒಣಗುವ ಜೆಲ್‌ನಲ್ಲಿ ವೇಗದ ಜೊತೆ ಚಿತ್ರದ ಹೊಳಪೂ ಮಂಕಾಗುತ್ತದೆ. ಫ್ಯಾನು ನೇರವಾಗಿ ಬೀಸುವ ಕಡೆ ಮಂಚ ಹಾಕದಿದ್ದರೆ ಎರಡು ಗಂಟೆಗೊಮ್ಮೆ ಜೆಲ್ ಸೇರಿಸಿದರೆ ಸಾಕು.

ಬಿಪಿಗೆ ತೋಳಿನ ಕಫ್ ಸಾಲದು, ಪ್ರತಿ ಬಡಿತದ ಒತ್ತಡವೂ ಬೇಕು. ಅದಕ್ಕೆ ಬೆರಳಿನ ಕಫ್, ಜೆಕ್ ವಿಜ್ಞಾನಿ ಯಾನ್ ಪೆನಾಜ್ 1973ರಲ್ಲಿ ಪ್ರಕಟಿಸಿದ ಉಪಾಯ. ಬೆರಳಿನ ನಾಳದ ಗಾತ್ರ ಬದಲಾಗದಂತೆ ಕಫ್ ಕ್ಷಣಕ್ಷಣಕ್ಕೂ ಒತ್ತುತ್ತದೆ, ಒತ್ತಲು ಎಷ್ಟು ಬೇಕಾಯಿತೋ ಅದೇ ರಕ್ತದೊತ್ತಡ. ಎಸಿಯಲ್ಲಿ ಬೆರಳು ತಣ್ಣಗಾದರೆ ಇದು ಏನೇನೋ ಓದುತ್ತದೆ, ಹಾಗಾಗಿ ಕೋಣೆ 25 ಡಿಗ್ರಿ, ಕೈಗೆ ಟವೆಲ್. ಬೆರಳು ನೀಲಿಯಾಗುತ್ತದೆ, ಅರ್ಧ ಗಂಟೆಗೊಮ್ಮೆ ಪಕ್ಕದ ಬೆರಳಿಗೆ ಬದಲಿಸಬೇಕು. ನಡುನಡುವೆ ಯಂತ್ರ ತನ್ನನ್ನು ತಾನೇ ಸರಿಪಡಿಸಿಕೊಳ್ಳಲು ಎರಡು ಮೂರು ಬಡಿತ ನಿಲ್ಲಿಸುತ್ತದೆ, ದಾಖಲೆಯ ಐದಾರು ನಿಮಿಷ ಆ ಸರಿಪಡಿಕೆಯನ್ನು ನಿಲ್ಲಿಸಿಡಬೇಕು.

ಇವೆಲ್ಲ ಸಣ್ಣ ವಿಷಯ. ದೊಡ್ಡ ವಿಷಯ ಕೈ ಎಲ್ಲಿದೆ ಅನ್ನುವುದು. ಮಲಗಿದವರು ಸಹಜವಾಗಿ ಕೈಯನ್ನು ಸೊಂಟದ ಪಕ್ಕ ಇಟ್ಟುಕೊಳ್ಳುತ್ತಾರೆ. ಮಂಚ ಮಟ್ಟಸವಾಗಿರುವವರೆಗೆ ಅದರಿಂದ ಹೊಸ ತೊಂದರೆ ಇಲ್ಲ. ಕಾಲಕಡೆ ಎತ್ತಿದಿರಿ, ಹೃದಯದಿಂದ 40 ಸೆಂ.ಮೀ. ದೂರದ ಆ ಕೈ ಈಗ 4.2 ಸೆಂ.ಮೀ. ಮೇಲಕ್ಕೆ ಹೋಯಿತು. ರಕ್ತದ ಕಂಬದ ಲೆಕ್ಕದಲ್ಲಿ ಪ್ರತಿ 1.28 ಸೆಂ.ಮೀ.ಗೆ 1 ಮಿ.ಮೀ. ಪಾದರಸ. ಅಂದರೆ ಬಿಪಿ 3 ಮಿ.ಮೀ.ಗೂ ಹೆಚ್ಚು ಇಳಿದಂತೆ ತೋರುತ್ತದೆ. ಈಗ ತಲೆಯ ಲೆಕ್ಕ ಮಾಡಿ. ಹೃದಯದಿಂದ ಮೆದುಳಿನ ನಾಳಕ್ಕೆ 25 ಸೆಂ.ಮೀ. ಆರು ಡಿಗ್ರಿಯಲ್ಲಿ ಅದು ಹೃದಯಕ್ಕಿಂತ 2.6 ಸೆಂ.ಮೀ. ಕೆಳಗೆ. ಅಲ್ಲಿ ಏರುವ ಒತ್ತಡ ಬರೀ 2 ಮಿ.ಮೀ. ನಾವು ನೋಡಲು ಹೊರಟದ್ದಕ್ಕಿಂತ ಕೈ ಇಟ್ಟ ಜಾಗದ ತಪ್ಪೇ ದೊಡ್ಡದಾಯಿತು! ನೀರಿನ ಪೈಪು ಮತ್ತೆ ಬರುವುದು ಇಲ್ಲಿ. ಎದೆಯ ಪಕ್ಕ, ಹೃದಯದ ಮಟ್ಟ ಸೂಚಿಸುವ ಮಧ್ಯಕಂಕುಳ ರೇಖೆಯ (ಕಂಕುಳಿನ ನಡುವಿನಿಂದ ಇಳಿಯುವ ಗೆರೆ) ಮಟ್ಟಕ್ಕೆ, ಪೈಪಿನಿಂದ ನೋಡಿಕೊಂಡು, ಒಂದು ಹಲಗೆ ಕಟ್ಟಿ, ಕೈ ಅದರ ಮೇಲೆಯೇ ಇರಬೇಕು, ನಾಲ್ಕು ಗಂಟೆಯೂ.

ಉಸಿರಿನ ಕಾರ್ಬನ್ ಡೈ ಆಕ್ಸೈಡ್ ವಿಷಯಕ್ಕೆ ಬಂದರೆ ಇಡೀ ಪ್ರಯೋಗ ನಿಂತಿರುವುದೇ ಇದರ ಮೇಲೆ ಅನ್ನಬೇಕು. ರಕ್ತದಲ್ಲಿ ಈ ಅನಿಲ 1 ಮಿ.ಮೀ. ಪಾದರಸದಷ್ಟು ಏರಿಳಿದರೆ ಮೆದುಳಿನ ಹರಿವು ಶೇಕಡ 3ರಿಂದ 4 ಏರಿಳಿಯುತ್ತದೆ. ಮಲಗಿದವರು ಗಾಬರಿಯಿಂದ ಸ್ವಲ್ಪ ಜೋರಾಗಿ ಉಸಿರಾಡಿದರೆ, ನಿದ್ದೆಗೆ ಜಾರಿದರೆ, ಮಾತಾಡಿದರೆ, ಎಲ್ಲದಕ್ಕೂ ವೇಗ ಕುಣಿಯುತ್ತದೆ. ಹಾಗಾಗಿ ಉಸಿರಿನ ಕೊನೆಯ ತುದಿಯ ಅಂಕಿಯನ್ನು ಬಡಿತದ ಜೊತೆಗೇ ದಾಖಲಿಸುತ್ತೇವೆ.

ಇದರಲ್ಲಿ ಮೂರು ಕಡೆ ಎಡವುತ್ತಾರೆ. ಒಂದು, ಊರಿನ ಎತ್ತರ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ 760 ಮಿ.ಮೀ. ಪಾದರಸ ಅಲ್ಲ, 693ರ ಆಸುಪಾಸು. ಮೀಟರು ಅಳೆದದ್ದು ಶೇಕಡ 5.8 ಆದರೆ, ಗಾಳಿಯ ಒತ್ತಡದಿಂದ ಉಸಿರಿನ ನೀರಾವಿಯ ಒತ್ತಡ 47 ಕಳೆದು ಲೆಕ್ಕ ಹಾಕಿದಾಗ ಮೈಸೂರಿನಲ್ಲಿ ಅದು 37.5 ಮಿ.ಮೀ. ಮೀಟರಿನಲ್ಲಿ ಗಾಳಿಯ ಒತ್ತಡ 760 ಅಂತ ಹಾಕಿಟ್ಟಿದ್ದರೆ 41ಕ್ಕೂ ಮೇಲೆ ತೋರಿಸುತ್ತದೆ. ಒಬ್ಬರೊಳಗಿನ ಏರಿಳಿತ ನೋಡುವಾಗ ಈ ತಪ್ಪು ಎರಡೂ ಕಡೆ ಇರುವುದರಿಂದ ಬಹುಮಟ್ಟಿಗೆ ಹೊಡೆದುಹೋಗುತ್ತದೆ ಅಂತ ಸುಮ್ಮನಿರಬಹುದು. ಆದರೆ ನಡುವೆ ಕರೆಂಟ್ ಹೋಗಿ, ಯಂತ್ರ ಮತ್ತೆ ಶುರುವಾದಾಗ ಕಾರ್ಖಾನೆಯ 760ಕ್ಕೆ ತಾನಾಗಿಯೇ ಮರಳಿದರೆ? ಮಧ್ಯಾಹ್ನದ ಅಂಕಿ ಬೆಳಗಿನದಕ್ಕಿಂತ 4 ಮಿ.ಮೀ. ಹೆಚ್ಚು. ಅದನ್ನು ನಂಬಿ ಸರಿದೂಗಿಸಲು ಹೋದರೆ ಹರಿವಿನ ಲೆಕ್ಕದಲ್ಲಿ ಶೇಕಡ 12ಕ್ಕೂ ಹೆಚ್ಚು ಸುಳ್ಳು ಬೆರೆಯುತ್ತದೆ. ಇದು ನಮ್ಮಲ್ಲಿ ಆಗಿದೆ, ಒಂದು ಇಡೀ ದಿನದ ದಾಖಲೆ ಕಸದ ಬುಟ್ಟಿಗೆ ಹೋಗಿದೆ. ಈಗ ಮೀಟರು ಯುಪಿಎಸ್‌ನಲ್ಲಿ, ಪ್ರತಿ ದಾಖಲೆಗೆ ಮೊದಲು ಪರದೆಯ ಒತ್ತಡದ ಅಂಕಿ ಓದಿ ಬರೆಯುವುದು ಕಡ್ಡಾಯ.

ಎರಡನೆಯದು ಮೂಗು. ತಲೆ ಕೆಳಗಾಗಿ ಅರ್ಧ ಗಂಟೆಗೆಲ್ಲ "ಏನ್ ಮೇಡಂ, ನೆಗಡಿ ಬಂದಂಗೆ ಮೂಗು ಕಟ್ಕೊಂಡೈತೆ" ಅನ್ನುವುದು ಸಾಮಾನ್ಯ. ಮೂಗಿನ ಒಳಪದರ ರಕ್ತದಿಂದ ಊದಿರುತ್ತದೆ. ಅಲ್ಲಿಂದ ಬಾಯಲ್ಲಿ ಉಸಿರಾಟ ಶುರು. ಮೂಗಿನ ನಳಿಕೆ ಹೊರಗಿನ ಗಾಳಿ ಬೆರೆಸಿಕೊಂಡು ಎಳೆಯುತ್ತದೆ, ಅಂಕಿ ಇಳಿಯುತ್ತದೆ, ನೋಡುವವರು ಮಲಗಿದವರ ಉಸಿರಾಟ ಹೆಚ್ಚಾಯಿತು ಅಂತ ತೀರ್ಮಾನಿಸುತ್ತಾರೆ. ಉಸಿರಿನ ಚಿತ್ರದ ಮೇಲ್ತುದಿ ಮಟ್ಟಸವಾಗಿರಬೇಕು. ಅದು ಚೂಪಾಗಿದ್ದರೆ ಅಂಕಿಯನ್ನು ನಂಬಬೇಡಿ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕನ್ನು ಮೊದಲಿನಿಂದಲೇ ಹಾಕುವುದು ಲೇಸು.

ಮೂರನೆಯದು ನೀರು. ಉಸಿರಿನ ಆವಿ ನಳಿಕೆಯಲ್ಲಿ ಹನಿಗಟ್ಟಿ ಹರಿಯುತ್ತದೆ. ಮಾಮೂಲಿ ಆಸ್ಪತ್ರೆಯಲ್ಲಿ ತಲೆ ಮೇಲಿರುತ್ತದೆ, ನೀರು ಹಿಡಿಯುವ ಬಟ್ಟಲು ಯಂತ್ರದ ಬಳಿ ಕೆಳಗಿರುತ್ತದೆ. ಇಲ್ಲಿ ಮಂಚದಲ್ಲಿ ಎಲ್ಲಕ್ಕಿಂತ ಕೆಳಗಿರುವುದು ತಲೆಯೇ. ಯಂತ್ರವನ್ನು ಮೇಜಿನ ಮೇಲಿಟ್ಟರೆ ಹನಿಗಳು ಮಾಸ್ಕಿಗೇ ವಾಪಸ್ಸು, ಇಲ್ಲವೇ ನಳಿಕೆಯ ನಡುವಿನ ತಗ್ಗಿನಲ್ಲಿ ನಿಂತು ಕಟ್ಟಿಕೊಳ್ಳುತ್ತವೆ. ಯಂತ್ರ ನೆಲದ ಮೇಲೆ ಒಂದು ಮಣೆಯ ಮೇಲಿರಲಿ.

ಈಗ ಪ್ರಯೋಗ ನಡೆಸುವ ಕ್ರಮ. ಮೊದಲು ಕುರ್ಚಿಯಲ್ಲಿ ಹತ್ತು ನಿಮಿಷ, ಆಮೇಲೆ ಮಟ್ಟಸವಾಗಿ ಮಲಗಿ ಮೂವತ್ತು ನಿಮಿಷ. ಈ ಮೂವತ್ತನ್ನು ಹತ್ತಕ್ಕೆ ಇಳಿಸುವ ಆಸೆ ಎಲ್ಲರಿಗೂ ಬರುತ್ತದೆ. ನಿಂತವರ ಕಾಲಿನಲ್ಲಿ ಅರ್ಧ ಲೀಟರಿಗೂ ಹೆಚ್ಚು ರಕ್ತ ಇಳಿದಿರುತ್ತದೆ, ಅದರ ಜೊತೆ ನಾಳದಿಂದ ಸೋರಿದ ನೀರು ಮರಳುವುದಕ್ಕೆ ಸಮಯ ಬೇಕು. ಅವಸರ ಮಾಡಿದರೆ, ಮಲಗಿದ್ದರಿಂದ ಆದ ಬದಲಾವಣೆಯನ್ನು ತಲೆ ಕೆಳಗಾದ ಲೆಕ್ಕಕ್ಕೆ ಬರೆದಂತಾಗುತ್ತದೆ. ಮೊದಲ ದಾಖಲೆ ಮುಗಿದ ಮೇಲೆ ನಾಲ್ಕು ಜನ ಮಂಚದ ಕಾಲಕಡೆ ಎತ್ತಿ ತುಂಡು ಕೂರಿಸುತ್ತೇವೆ. ಆಮೇಲೆ 10, 30, 60ನೇ ನಿಮಿಷ, ಅಲ್ಲಿಂದ ಗಂಟೆಗೊಂದು ಆರು ನಿಮಿಷದ ದಾಖಲೆ. ಎರಡನೇ ಗಂಟೆಯ ಹೊತ್ತಿಗೆ ಮೂತ್ರ ಬಂದೇ ಬರುತ್ತದೆ. ಎದೆಗೆ ಸರಿದ ರಕ್ತವನ್ನು ಮೈ ಹೆಚ್ಚಾದ ನೀರು ಅಂತ ತಿಳಿದು ಹೊರಹಾಕುತ್ತದೆ. ಸಂಕೋಚದಿಂದ ಕಟ್ಟಿಕೊಂಡು ಮಲಗಿದರೆ ಬಿಪಿ ಏರುತ್ತದೆ. ಮಲಗಿದಲ್ಲೇ ಕೊಡುವ ಪಾತ್ರೆ, ಪರದೆ, ಇವನ್ನು ಮೊದಲೇ ತೋರಿಸಿ ಮಾತಾಡಿಕೊಂಡಿರಬೇಕು.

ಏನು ಕಾಣುತ್ತದೆ? ಹೊಸಬರಿಗೆ ನಿರಾಸೆ. ಮುಖ ಕೆಂಪೇರಿ ಊದಿರುತ್ತದೆ, ಕುತ್ತಿಗೆಯ ನರ ಹಗ್ಗದಂತೆ ಉಬ್ಬಿರುತ್ತದೆ, ಆದರೆ ಡಾಪ್ಲರಿನ ಸರಾಸರಿ ವೇಗ ಮಟ್ಟಸವಾಗಿ ಮಲಗಿದಾಗ ಇದ್ದದ್ದಕ್ಕೆ ಹತ್ತಿರವೇ ಇರುತ್ತದೆ. ತಲೆ ಕಡೆಗೆ ರಕ್ತ ನುಗ್ಗಿದರೂ ಮೆದುಳಿಗೆ ಹೆಚ್ಚು ಹೋಗಲಿಲ್ಲವೇ ಅಂತ ಕೇಳುತ್ತಾರೆ. ಮೆದುಳಿನ ಮೂಲಕ ರಕ್ತವನ್ನು ದೂಡುವುದು ಒಳಗೆ ಬರುವ ಒತ್ತಡಕ್ಕೂ ತಲೆಬುರುಡೆಯೊಳಗಿನ ಒತ್ತಡಕ್ಕೂ ಇರುವ ವ್ಯತ್ಯಾಸ. ಅಪಧಮನಿಯ ಕಡೆ 2 ಮಿ.ಮೀ. ಏರಿದಾಗ ಅಭಿಧಮನಿಯ ಕಡೆಯೂ, ಬುರುಡೆಯೊಳಗೂ ಏರುತ್ತದೆ. ಎರಡೂ ಏರಿದರೆ ವ್ಯತ್ಯಾಸ ಎಲ್ಲಿಂದ ಬರಬೇಕು? ಅಲ್ಪಸ್ವಲ್ಪ ಉಳಿದದ್ದನ್ನೂ ಮೆದುಳಿನ ಸಣ್ಣ ನಾಳಗಳು ತಾವೇ ಹಿಗ್ಗಿ ಕುಗ್ಗಿ ಸರಿಮಾಡಿಕೊಳ್ಳುತ್ತವೆ.

ಇದೇ ಪ್ರಯೋಗವನ್ನು ನಿಂತಿದ್ದಾಗಿನ ಅಂಕಿಗೆ ಹೋಲಿಸಿ ನೋಡಿ, ಬೇರೆಯದೇ ಕಥೆ. ನಿಂತಾಗ ಮೆದುಳಿನ ಮಟ್ಟದ ಒತ್ತಡ ಹೃದಯಕ್ಕಿಂತ ಸುಮಾರು 20 ಮಿ.ಮೀ. ಕಡಿಮೆ, ಬುರುಡೆಯೊಳಗಿನ ಒತ್ತಡ ಸೊನ್ನೆಯ ಆಸುಪಾಸು, ಕುತ್ತಿಗೆಯ ಜುಗುಲಾರ್ ಅಭಿಧಮನಿ ಚಪ್ಪಟೆ. ಮಲಗಿದಾಗ ಬುರುಡೆಯೊಳಗೆ 7ರಿಂದ 15 ಮಿ.ಮೀ., ಅಭಿಧಮನಿ ತುಂಬಿ ದುಂಡಗೆ. ಮನುಷ್ಯ ದಿನದ ಮೂರನೇ ಎರಡು ಭಾಗ ತಲೆ ಮೇಲಿಟ್ಟುಕೊಂಡು ಈ ಒತ್ತಡವನ್ನು ಇಳಿಸಿಕೊಳ್ಳುತ್ತಾನೆ. ಬಾಹ್ಯಾಕಾಶದಲ್ಲಿ ಆ ಬಿಡುವು ಇಲ್ಲ, ನಮ್ಮ ಮಂಚದ ಮೇಲೂ ಇಲ್ಲ. ಆದ್ದರಿಂದ "ಹರಿವು ಹೆಚ್ಚಾಯಿತು" ಅಥವಾ "ಕಡಿಮೆಯಾಯಿತು" ಅಂತ ಬರೆದ ಯಾವುದೇ ವರದಿ ಓದುವಾಗ ನಾವು ಮೊದಲು ನೋಡುವುದು ಯಾವ ಭಂಗಿಗೆ ಹೋಲಿಸಿದ್ದಾರೆ ಅಂತ.

ಅಭಿಧಮನಿಯ ಕಡೆ ನೋಡದೆ ಬರೀ ಡಾಪ್ಲರ್ ಮಾಡಿದರೆ ಅರ್ಧ ಕೆಲಸ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾಹ್ಯಾಕಾಶ ನಿಲ್ದಾಣದ 11 ಮಂದಿಯಲ್ಲಿ 6 ಮಂದಿಗೆ ಎಡ ಜುಗುಲಾರ್ ಅಭಿಧಮನಿಯಲ್ಲಿ ರಕ್ತ ನಿಂತಿತ್ತು, ಇಲ್ಲವೇ ಹಿಂದಕ್ಕೆ ಹರಿಯುತ್ತಿತ್ತು, ಒಬ್ಬರಲ್ಲಿ ಹೆಪ್ಪೇ ಕಂಡಿತು. ಆ ನಾಳವನ್ನು ಸ್ಕ್ಯಾನ್ ಮಾಡುವಾಗ ಕೈ ಹಗುರವಾಗಿರಬೇಕು. ಪ್ರೋಬಿನ ಭಾರಕ್ಕೇ ಅದು ಮುಚ್ಚಿಕೊಳ್ಳುತ್ತದೆ. ಜೆಲ್ಲಿನ ದಪ್ಪ ಪದರ ಚರ್ಮಕ್ಕೂ ಪ್ರೋಬಿಗೂ ನಡುವೆ ಪರದೆಯಲ್ಲಿ ಕಪ್ಪು ಪಟ್ಟಿಯಾಗಿ ಕಾಣುತ್ತಿದ್ದರೆ ಒತ್ತಿಲ್ಲ ಅಂತ ಖಾತ್ರಿ. ಕತ್ತು ಎಡಬಲಕ್ಕೆ ತಿರುಗಿಸಿದರೂ ಗಾತ್ರ ಬದಲಾಗುತ್ತದೆ, ಮೂಗು ಸೂರಿನ ಕಡೆಗೇ ಇರಲಿ.

ಡಾಪ್ಲರ್ ಕೊಡುವುದು ವೇಗ, ಹರಿವಲ್ಲ ಅನ್ನುವುದನ್ನೂ ಮರೆಯಬಾರದು. ನಾಳದ ಅಗಲ ಬದಲಾಗಿಲ್ಲ ಅಂತ ನಂಬಿಕೊಂಡು ವೇಗವನ್ನು ಹರಿವು ಅನ್ನುತ್ತೇವೆ. ಅಗಲ ಶೇಕಡ 5 ಹಿಗ್ಗಿದರೆ ವೇಗ ಅಷ್ಟೇ ಇದ್ದರೂ ಹರಿವು ಶೇಕಡ 10 ಹೆಚ್ಚಾಗಿರುತ್ತದೆ. ಕಾರ್ಬನ್ ಡೈ ಆಕ್ಸೈಡ್ ಬಹಳ ಏರಿದಾಗ ಈ ನಾಳವೂ ಹಿಗ್ಗುತ್ತದೆ ಅಂತ ಎಂಆರ್‌ಐ ತೋರಿಸಿದೆ. ಅದಕ್ಕೇ ಉಸಿರನ್ನು ಕಾಯುವುದು.

ಲೆಕ್ಕದ ಭಾಗ ಚುಟುಕಾಗಿ. ಐದು ನಿಮಿಷದ ಶುದ್ಧ ದಾಖಲೆಯನ್ನು 100 ಸೆಕೆಂಡಿನ ತುಂಡುಗಳಾಗಿ, ಅರ್ಧಕ್ಕರ್ಧ ಒಂದರ ಮೇಲೊಂದು ಬರುವಂತೆ ಕತ್ತರಿಸಿದರೆ ಐದು ತುಂಡು. ಬಿಪಿಯಲ್ಲಿ ಹತ್ತು ಸೆಕೆಂಡಿಗೊಮ್ಮೆ ಏಳುವ ಸಹಜ ಅಲೆ ವೇಗದಲ್ಲಿ ಎಷ್ಟು ದೊಡ್ಡದಾಗಿ, ಎಷ್ಟು ಮುಂಚೆ ಕಾಣುತ್ತದೆ ಅಂತ ನೋಡುವುದು. ನಾಳಗಳು ಚುರುಕಾಗಿದ್ದರೆ ವೇಗದ ಅಲೆ ಬಿಪಿಗಿಂತ ಮುಂದಿರುತ್ತದೆ, ಚಿಕ್ಕದಾಗಿರುತ್ತದೆ. ಎರಡೂ ಅಲೆ ಒಟ್ಟಿಗೇ ಏಳತೊಡಗಿದರೆ, ಬಿಪಿ ಏರಿಳಿದರೂ ಹರಿವನ್ನು ಸರಿಯಾಗಿಡುವ ನಾಳಗಳ ನಿಯಂತ್ರಣ ಸಡಿಲಿದೆ. ಕೆಮ್ಮು, ಮಾತು, ಆಕಳಿಕೆ ಇದ್ದ ತುಂಡನ್ನು ತೇಪೆ ಹಾಕಲು ಹೋಗದೆ ಎಸೆಯಬೇಕು. 1998ರಲ್ಲಿ ನಾಸಾದ ನ್ಯೂರೋಲ್ಯಾಬ್ ಯಾನದಲ್ಲಿ ಇದೇ ಬಗೆಯ ಅಳತೆ ಬಾಹ್ಯಾಕಾಶದಲ್ಲೇ ನಡೆದಿತ್ತು, ಅಲ್ಲಿ ನಿಯಂತ್ರಣ ಕೆಟ್ಟಿರಲಿಲ್ಲ. 2025ರಲ್ಲಿ ಶುಭಾಂಶು ಶುಕ್ಲಾ ಇದ್ದ ಆಕ್ಸಿಯಂ-4 ತಂಡದ ಪ್ರಯೋಗಗಳಲ್ಲೂ ಮೆದುಳಿನ ರಕ್ತಸಂಚಾರವನ್ನು ಅಲ್ಟ್ರಾಸೌಂಡಿನಲ್ಲಿ ನೋಡುವ ಕೆಲಸ ಸೇರಿತ್ತು.

ಮಂಚ ಬಾಹ್ಯಾಕಾಶವಲ್ಲ ಅನ್ನುವುದಕ್ಕೆ ಎರಡು ಪುರಾವೆ ಸಾಕು. 1991ರಲ್ಲಿ ಗಗನನೌಕೆಯಲ್ಲಿ ಹೃದಯದ ಬಳಿಯ ಅಭಿಧಮನಿಯ ಒತ್ತಡವನ್ನು ನಳಿಕೆ ಹಾಕಿ ಅಳೆದಾಗ ಅದು ಇಳಿದಿತ್ತು. ನಮ್ಮ ಮಂಚದ ಮೇಲೆ ಮೊದಲಿಗೆ ಅದು ಏರುತ್ತದೆ. ಇಲ್ಲಿ ಎದೆಗೂಡಿನ ಭಾರ, ಹೊಟ್ಟೆಯ ಭಾರ ಬೆನ್ನಿನ ಕಡೆಗೆ ಒತ್ತುತ್ತಲೇ ಇರುತ್ತದೆ, ಅಲ್ಲಿ ಆ ಭಾರವೇ ಇಲ್ಲ. ಚಿಕಿತ್ಸೆಗಾಗಿ ತಲೆಯೊಳಗೆ ಮೊದಲೇ ನಳಿಕೆ ಇದ್ದವರು ಒಪ್ಪಿ ವಿಮಾನ ಹತ್ತಿ, ಇಪ್ಪತ್ತು ಚಿಲ್ಲರೆ ಸೆಕೆಂಡಿನ ತೂಕವಿಲ್ಲದ ಹಾರಾಟದಲ್ಲಿ ಅಳೆಸಿಕೊಂಡಾಗ, 2017ರ ವರದಿಯಂತೆ, ಬುರುಡೆಯ ಒತ್ತಡ ಮಲಗಿದ್ದಾಗಿನದಕ್ಕಿಂತ ತುಸು ಕಡಿಮೆಯೇ ಇತ್ತು, ಆದರೆ ನಿಂತಾಗಿನಷ್ಟು ಕೆಳಗೆ ಹೋಗಲಿಲ್ಲ. ನಿಲ್ದಾಣದ ಗಾಳಿಯಲ್ಲಿ ಕಾರ್ಬನ್ ಡೈ ಆಕ್ಸೈಡ್ ನಮ್ಮ ಹೊರಗಿನ ಗಾಳಿಯ ಹತ್ತು ಪಟ್ಟಿನ ಆಸುಪಾಸು ಇರುತ್ತದೆ ಅನ್ನುವುದೂ ಮಂಚದ ಮೇಲೆ ಬಾರದ ವಿಷಯ. ಅದನ್ನು ತರಲೆಂದೇ ಕೊಲೋನ್‌ನಲ್ಲಿ ಗಾಳಿಗೆ ಆ ಅನಿಲವನ್ನು ಶೇಕಡ 0.5 ಬೆರೆಸಿ 30 ದಿನ ದಿಂಬಿಲ್ಲದೆ ಮಲಗಿಸಿದಾಗ 11ರಲ್ಲಿ 5 ಮಂದಿಗೆ ಕಣ್ಣಿನ ನರದ ಬುಡ ಊದಿಕೊಂಡಿತು.

ಕೊನೆಯ ಅಪಾಯದ ಗಳಿಗೆ ಏಳಿಸುವುದು. ನಾಲ್ಕು ಗಂಟೆಯಲ್ಲಿ ಮೈ ನೀರು ಕಳೆದುಕೊಂಡಿದೆ, ಕಾಲಿನ ನಾಳಗಳು ಸಡಿಲವಾಗಿವೆ. ತುಂಡು ತೆಗೆದು ಮಟ್ಟಸವಾಗಿ ಹತ್ತು ನಿಮಿಷ, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ, ಆಮೇಲೆ ನಿಲ್ಲಿಸುವುದು. ಹಿಂದೆ ಒಬ್ಬರು ಕೈ ಚಾಚಿ ನಿಂತಿರಲೇಬೇಕು. ಡಾಪ್ಲರ್ ತೆಗೆಯುವುದಿಲ್ಲ, ಏಕೆಂದರೆ ಬಿಪಿಗಿಂತ ಮೊದಲು ಸುಳಿವು ಕೊಡುವುದು ಕೆಲವೊಮ್ಮೆ ಅದೇ. ಹೃದಯದ ಎರಡು ಬಡಿತದ ನಡುವಿನ ತಗ್ಗಿನ ವೇಗ ಮೊದಲು ಕುಸಿಯುತ್ತದೆ, ಮೇಲಿನ ಶಿಖರ ಇನ್ನೂ ನಿಂತಿರುತ್ತದೆ, ಸದ್ದು ಉದ್ದದ "ಶ್ಶೂ" ಬಿಟ್ಟು ಬಡಬಡ ಹೊಡೆಯುವಂತಾಗುತ್ತದೆ. ಆಕಳಿಕೆ, ಹಣೆಯಲ್ಲಿ ತಣ್ಣನೆ ಬೆವರು, "ಕಣ್ಣು ಮಂಜಾಗ್ತಿದೆ" ಅನ್ನುವ ಮಾತು ಬಂದರೆ ದಾಖಲೆ ಪೂರ್ತಿಯಾಗಲಿ ಅಂತ ಕಾಯಬಾರದು. ಮೇಲಿನ ಬಿಪಿ 80ಕ್ಕಿಂತ ಇಳಿದರೆ, ಅಥವಾ ಮಲಗಿದವರು ಸಾಕು ಅಂದರೆ, ಕೂಡಲೇ ಮಲಗಿಸಿ ಕಾಲು ಎತ್ತುವುದು ನಮ್ಮ ನಿಯಮ.

ಹತ್ತು ನಿಮಿಷ ನಿಂತು ಗೆದ್ದವರಿಗೆ ಉಪ್ಪು ಸಕ್ಕರೆ ಹಾಕಿದ ನಿಂಬೆಹಣ್ಣಿನ ಶರಬತ್ತು, ಆಮೇಲೆ ಅವರು ಬೆಳಗಿನಿಂದ ಕಾದ ಕಾಫಿ. ಎರಡು ಗಂಟೆ ಬೈಕು ಓಡಿಸುವಂತಿಲ್ಲ, ಮಂಡ್ಯದವರಾದರೆ ರೈಲಿನಲ್ಲೇ ಹೋಗಲಿ. ಕಣತಲೆಯ ಮಾರ್ಕರ್ ಗೆರೆಯನ್ನು ಒರೆಸುವ ಮೊದಲು ಕಿವಿಯ ಬುಡದಿಂದಲೂ ಕಣ್ಣಂಚಿನಿಂದಲೂ ಎಷ್ಟು ಮಿ.ಮೀ. ಅಂತ ಅಳೆದು ಬರೆದುಕೊಳ್ಳಿ. ಮುಂದಿನ ವಾರ ಅದೇ ಗಂಟೆಗೆ, ಮಂಚ ಮಟ್ಟಸವಾಗಿಟ್ಟು, ನಾಲ್ಕು ಗಂಟೆ ಸುಮ್ಮನೆ ಮಲಗಿಸುವ ಹೋಲಿಕೆಯ ದಿನಕ್ಕೆ ಪ್ರೋಬು ಅಲ್ಲೇ ಕೂರಬೇಕು.